ದೇವರ ಮನೆಯಲ್ಲಿ ಜಾಕ್

ನಮ್ಮ ಕಾರಿನ ಎಡಗಡೆಯ ಸೀಟಿಗೆ ಬ್ರೇಕ್ ಇಲ್ಲ. ಆದರೂ ನಮ್ಮ ಯಜಮಾನರು ಅದನ್ನು ಒತ್ತುತ್ತಾರೆ. ಹಾವನೂರು ಸರ್ಕಲ್ ಹತ್ತಿರ ಬಂದಿತೆಂದರೆ ಅವರ ಬಲಗಾಲು ಮ್ಯಾಟಿನ ಮೇಲೆ ಬಲವಾಗಿ ಊರಿಕೊಳ್ಳುತ್ತದೆ, ಕೈ ಮೇಲಿನ ಹಿಡಿಯನ್ನು ಹುಡುಕುತ್ತದೆ. ಮಂಡಿ ಆಪರೇಷನ್ ಆದಮೇಲೆ ಅವರು ಕಾರು ಓಡಿಸುವುದನ್ನು ಬಿಟ್ಟರು, ನಾನು ಕಲಿತೆ. ನಾನು ಕಲಿತ ಮೇಲೆ ಅವರ ಮಂಡಿ ನೋವು ಹೆಚ್ಚಾಯಿತು. ಇಲ್ಲದ ಬ್ರೇಕನ್ನು ಅಷ್ಟೊಂದು ಒತ್ತಿದರೆ ಇನ್ನೇನಾಗುತ್ತದೆ?

"ರೀ, ನಾನು ನಿಧಾನವಾಗೇ ಹೋಗ್ತಾ ಇದೀನಿ," ಎನ್ನುತ್ತಿದ್ದೆ.

"ನಾನೇನಾದ್ರೂ ಅಂದ್ನಾ?" ಎನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡು.

ಅವರು ಬೈಯುವವರಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಪಕ್ಕದಲ್ಲಿ ಕೂತು ಸುಮ್ಮನೆ ಹೆದರುವವರ ಜೊತೆ ಏನು ಜಗಳ ಆಡುವುದು? ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ ನನ್ನದು. ಅದನ್ನು ಒಂದೇ ಒಂದು ಸಲ ಯಾರ ಉಸಿರಿನ ಸದ್ದೂ ಇಲ್ಲದೆ ಅನುಭವಿಸಬೇಕು ಎಂದು ಆಸೆಯಾಗಿತ್ತು. ಎಡಗಡೆಯ ಸೀಟು ಖಾಲಿ ಇರಬೇಕು, ಅಷ್ಟೇ. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಲು ನನಗೆ ಯಾಕೆ ಅಷ್ಟು ಸಂಕೋಚವಾಗುತ್ತಿತ್ತೋ ತಿಳಿಯದು. ಒಡವೆ ಕೇಳುವುದು ಇದಕ್ಕಿಂತ ಸುಲಭ.

ಕೊನೆಗೆ ಜಲಜಾಳ ಗೊಂಬೆಗಳ ನೆಪದಲ್ಲಿ ಕೇಳಿದೆ. ಜಲಜಾ ನನ್ನ ಕಾಲೇಜಿನ ಗೆಳತಿ, ಮನೆ ಉಲ್ಲಾಳದಲ್ಲಿ. ಪ್ರತಿ ದಸರಾಕ್ಕೂ ಹಾಲಿನ ತುಂಬ ಗೊಂಬೆ ಕೂರಿಸುತ್ತಾಳೆ. ಪ್ರತಿ ವರ್ಷವೂ ಯಜಮಾನರು ನನ್ನನ್ನು ಅವಳ ಮನೆಯವರೆಗೆ ಬಿಟ್ಟು ಕಾರಿನಲ್ಲೇ ಕೂರುತ್ತಿದ್ದರು. ಹೆಂಗಸರ ನಡುವೆ ನಾನೇನು ಮಾಡಲಿ ಎಂದು ಒಳಗೆ ಬರುತ್ತಿರಲಿಲ್ಲ. ಮೊದಲ ಹಾರನ್‌ಗೆ ಜಲಜಾ ಕಾಫಿ ತರುತ್ತಿದ್ದಳು, ಎರಡನೆಯದಕ್ಕೆ ಅವಸರದಲ್ಲಿ ತಾಂಬೂಲ. ಸಂಜೆಯ ಗೊಂಬೆ ಆರತಿಯನ್ನು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

"ಈ ಸಲ ಜಲಜಾ ಮನೆಗೆ ನಾನೊಬ್ಳೇ ಹೋಗ್ಬರ್ತೀನಿ," ಎಂದೆ.

ಯಜಮಾನರು ಪೇಪರ್ ಮಡಿಸಿದರು. "ಹೋಗು. ದಾರೀಲಿ ಪಂಕ್ಚರ್ ಆಯ್ತು ಅಂತಿಟ್ಕೋ. ಏನ್ಮಾಡ್ತೀಯ?"

"ನಿಮಗೆ ಫೋನ್ ಮಾಡ್ತೀನಿ."

"ನೋಡಿದ್ಯಾ? ನಾನು ಈ ಮಂಡಿ ಇಟ್ಕೊಂಡು ಬಂದು ಏನ್ ಮಾಡ್ಲಿ? ಅದಕ್ಕೇ ನಮ್ಮ ವರ್ಕ್‌ಶಾಪಿನ ಏಕಾಂತಯ್ಯನ ತಮ್ಮನ ಮಗನ್ನ ಡ್ರೈವರ್ ಆಗಿ ಇಟ್ಕೊಳ್ಳೋಣ ಅಂದಿದ್ದು. ನೀನು ಹಿಂದೆ ರಾಣಿ ಥರ ಕೂತ್ಕೋ."

ಹಾಗೆ ಒಪ್ಪಂದವಾಯಿತು. ಕಾರಿಗೆ ಬೇಕಾದ ಆಪತ್ಕಾಲದ ಸಾಮಾನನ್ನೆಲ್ಲ ನಾನೇ ಜೋಡಿಸಿಕೊಳ್ಳಬೇಕು, ಟೈರ್ ಬದಲಿಸುವುದನ್ನು ಕಲಿಯಬೇಕು, ಆಮೇಲೆ ಒಬ್ಬಳೇ ಹೋಗಬಹುದು. ಆದರೆ ದಾರಿಯಲ್ಲಿ ಏನೇ ಆದರೂ ಅವರಿಗೆ ಫೋನ್ ಮಾಡುವಂತಿಲ್ಲ. ಮಾಡಿದರೆ ಮುಂದಿನ ತಿಂಗಳಿಂದ ಡ್ರೈವರ್. ಸರ್ಕಾರಿ ವರ್ಕ್‌ಶಾಪಿನಲ್ಲಿ ಮೇಲ್ವಿಚಾರಕರಾಗಿದ್ದ ಮನುಷ್ಯ. ನಾನು ಮೊದಲನೆಯ ಷರತ್ತಿನಲ್ಲೇ ಸೋಲುತ್ತೇನೆ ಎಂದುಕೊಂಡಿದ್ದರೋ ಏನೋ.

ಕಾರಿನ ಡಿಕ್ಕಿಯಲ್ಲಿ ಜಾಕ್ ಮತ್ತು ಸ್ಪ್ಯಾನರ್ ಇದ್ದವು. ಉಳಿದದ್ದಕ್ಕೆ ನಾನೂ ಅತ್ತೆಯೂ ಬಾಪೂಜಿನಗರಕ್ಕೆ ಹೋದೆವು. ನಮ್ಮತ್ತೆ ಶಿವಗಂಗಮ್ಮ ಎಪ್ಪತ್ತೊಂಬತ್ತರವರು. ನಾನು ಬಟ್ಟೆ ಅಂಗಡಿಗೆ ಹೋದರೆ ಬರುವುದಿಲ್ಲ. ಕಾರಿನ ಸಾಮಾನು ತರಲು ಹೋಗುತ್ತೇನೆ ಎಂದ ತಕ್ಷಣ ಸೆರಗು ಸರಿಮಾಡಿಕೊಂಡು ಎದ್ದರು.

ಅಂಗಡಿಯ ಪಂಚಾಕ್ಷರಿ ನಮ್ಮಿಬ್ಬರನ್ನೂ ನೋಡಿ, ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕಾದ. "ಸಾರ್ ಪಾರ್ಕಿಂಗ್ ಮಾಡ್ತಿದಾರಾ ಆಂಟಿ?"

"ಸಾರ್ ಮನೇಲಿದಾರೆ. ಪಾರ್ಕಿಂಗ್ ನಾನೇ ಮಾಡಿದೀನಿ."

"ಒಳ್ಳೇದಾಯ್ತು ಬಿಡಿ. ಸೀಟ್ ಕವರ್ ತೋರಿಸ್ಲಾ? ಗುಲಾಬಿ ಬಣ್ಣದ್ದು ಹೊಸದು ಬಂದಿದೆ."

"ಜಂಪರ್ ಕೇಬಲ್ ತೋರಿಸಪ್ಪ," ಎಂದರು ಅತ್ತೆ. ಬರುವ ದಾರಿಯಲ್ಲಿ ಆ ಹೆಸರನ್ನು ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಪಂಚಾಕ್ಷರಿ ಮತ್ತೆ ಸೀಟ್ ಕವರಿನ ಮಾತೆತ್ತಲಿಲ್ಲ.

ಬ್ಯಾಟರಿ ಸತ್ತರೆ ಇನ್ನೊಂದು ಕಾರಿನಿಂದ ಜೀವ ಎಳೆದುಕೊಳ್ಳುವ ಆ ಕೇಬಲ್, ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋನ, ಟಾರ್ಚ್, ಗ್ಲೌಸ್, ಗಾಳಿ ತುಂಬುವ ಪುಟ್ಟ ಪಂಪ್, ಎಳೆಯುವ ಹಗ್ಗ, ಎಲ್ಲ ಕೊಂಡೆವು. ಮನೆಗೆ ಬಂದು ಒಂದು ಕೆಂಪು ರೆಕ್ಸಿನ್ ಬ್ಯಾಗಿನಲ್ಲಿ ಅವನ್ನು ಜೋಡಿಸಿದೆ. ನೆಲದ ಮೇಲೆ ಕೂರಲು ಒಂದು ಹಳೆಯ ಸೀರೆಯನ್ನು ಮಡಿಸಿ ಇಟ್ಟೆ. ಮದುವೆಯಲ್ಲಿ ಅಮ್ಮ ನನ್ನ ಟ್ರಂಕ್ ತುಂಬಿಸಿದ್ದು ನೆನಪಾಯಿತು. ಆಮೇಲೆ ನಾನು ಎಷ್ಟು ಬ್ಯಾಗು ತುಂಬಿಸಿದ್ದೇನೆ! ಯಜಮಾನರ ಟೂರಿಗೆ, ಮಗಳ ಬಾಣಂತನಕ್ಕೆ, ಮಾವನವರ ಆಸ್ಪತ್ರೆಗೆ. ಬರೀ ನನಗಾಗಿ ನಾನೇ ತುಂಬಿಸಿಕೊಂಡ ಬ್ಯಾಗು ಇದೇ ಮೊದಲನೆಯದು. ಅದರಲ್ಲಿ ಬಾಚಣಿಗೆಯ ಬದಲು ಹಗ್ಗ ಇತ್ತು, ಅಷ್ಟೇ ವ್ಯತ್ಯಾಸ.

ಟೈರ್ ಬದಲಿಸುವಾಗ ಕಾರು ಜಾರದಂತೆ ಚಕ್ರದ ಹಿಂದೆ ಏನಾದರೂ ಭಾರದ್ದನ್ನು ಇಡಬೇಕು ಎಂದೆ. ಅತ್ತೆ ಹಿತ್ತಿಲಿಗೆ ಹೋಗಿ ರುಬ್ಬುವ ಗುಂಡನ್ನು ತೋರಿಸಿದರು. ಮಿಕ್ಸಿ ಬಂದಾಗಿನಿಂದ ಅದು ನಲ್ಲಿಯ ಪಕ್ಕ ಪಾಚಿ ಹಿಡಿದು ಕೂತಿತ್ತು. "ಇಡ್ಲಿ ಹಿಟ್ಟಿಗೆ ಅಂತ ಎಷ್ಟು ವರ್ಷ ತಿರುಗಿಸಿದೀನಿ ಇದನ್ನ. ಇನ್ಮೇಲೆ ಇದು ಕೂತ್ಕೊಂಡು ಕೆಲಸ ಮಾಡ್ಲಿ," ಎಂದರು.

ಅಭ್ಯಾಸ ಮನೆಯ ಮುಂದೆಯೇ ನಡೆಯಿತು. ಯಜಮಾನರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಎದುರುಮನೆಯ ದೇವೇಂದ್ರಪ್ಪನವರು ಬಾಲ್ಕನಿಯಿಂದ ಕಾಫಿ ಲೋಟದ ಸಮೇತ ಬಾಗಿದರು. ಮೊದಲನೆಯ ದಿನ ನಟ್ಟು ಅಲುಗಲೇ ಇಲ್ಲ. ನಾನು ಸ್ಪ್ಯಾನರ್ ಮೇಲೆ ಕಾಲಿಟ್ಟು ನಿಂತೆ. ಅದೂ ನಿಂತಿತು, ನಾನೂ ನಿಂತೆ.

"ಹಂಗಲ್ಲಮ್ಮ, ಎಡಕ್ಕೆ, ಎಡಕ್ಕೆ!" ಎಂದು ದೇವೇಂದ್ರಪ್ಪನವರು ಕೂಗಿದರು.

"ನೀವು ಇಳಿದು ಬನ್ನಿ ಸಾರ್, ತೋರಿಸಿ," ಎಂದೆ.

"ನಂಗೆ ಬೀಪಿ ಇದೆಯಮ್ಮ," ಎಂದು ಅವರು ಒಳಗೆ ಹೋದರು.

ಮರುದಿನ ಸ್ಪ್ಯಾನರ್ ತುದಿಗೆ ಒಂದು ಕಬ್ಬಿಣದ ಪೈಪ್ ತೂರಿಸಿ ಉದ್ದ ಮಾಡಿಕೊಂಡೆ. ನಟ್ಟು ಕಿರ್ ಎಂದು ತಿರುಗಿತು. ಅತ್ತೆ ಚಪ್ಪಾಳೆ ತಟ್ಟಿದರು. ಯಜಮಾನರು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತು, "ಇನ್ನೊಂದ್ಸಲ ಮಾಡು," ಎಂದರು. ಆ ಪೈಪನ್ನೂ ಬ್ಯಾಗಿಗೆ ಸೇರಿಸಿದೆ.

ಜಲಜಾಳ ಗೊಂಬೆ ಆರತಿಯ ದಿನವೇ ಆಯುಧಪೂಜೆ. ವರ್ಕ್‌ಶಾಪಿನಲ್ಲಿದ್ದಾಗ ಯಜಮಾನರಿಗೆ ಅದು ವರ್ಷದ ದೊಡ್ಡ ಹಬ್ಬ. ಲೇತ್ ಯಂತ್ರದಿಂದ ಹಿಡಿದು ಸಣ್ಣ ಸುತ್ತಿಗೆಯವರೆಗೆ ಎಲ್ಲಕ್ಕೂ ತಾವೇ ವಿಭೂತಿ ಹಚ್ಚುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ದೇವರ ಮುಂದೆ ಇಡಲು ಮನೆಯಲ್ಲಿ ಇದ್ದದ್ದು ಒಂದು ಕತ್ತರಿ, ಒಂದು ಈಳಿಗೆ ಮಣೆ. ಎರಡು ವರ್ಷ ಅವನ್ನೇ ಪೂಜಿಸಿ ಸಪ್ಪಗಿದ್ದರು. ಈ ಸಲ ಬೆಳಿಗ್ಗೆ ನಾನು ಹೋಳಿಗೆಯ ಹೂರಣ ತಿರುವುತ್ತಿದ್ದಾಗ ದೇವರ ಮನೆಯಿಂದ ಲೋಹದ ಸದ್ದು ಕೇಳಿತು. ಹೋಗಿ ನೋಡಿದರೆ ಅವರು ನನ್ನ ಸಾಮಾನನ್ನೆಲ್ಲ ಮಣೆಯ ಮೇಲೆ ಸಾಲಾಗಿ ಜೋಡಿಸಿದ್ದರು. ಜಾಕಿಗೆ ಮೂರೆಳೆ ವಿಭೂತಿ. ಸ್ಪ್ಯಾನರ್ ಮೇಲೆ ಸೇವಂತಿಗೆ. ರುಬ್ಬುವ ಗುಂಡನ್ನೂ ತೊಳೆದು ಕುಂಕುಮ ಇಟ್ಟಿದ್ದರು. ಅವರ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ನನಗೂ ಹೆಮ್ಮೆಯಾಯಿತು. ನನ್ನ ವಸ್ತುವೊಂದು ಆಯುಧಗಳ ಸಾಲಿನಲ್ಲಿ ಕೂತದ್ದು ಅದೇ ಮೊದಲು, ಈಳಿಗೆ ಮಣೆಯನ್ನು ಬಿಟ್ಟರೆ.

ಮಂಗಳಾರತಿ ಆಯಿತು. ಕಾರಿಗೆ ಬಾಳೆಕಂಬ ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಊಟ ಮುಗಿಸಿ ಯಜಮಾನರು ಮಲಗಿದರು. ನಾನು ರೇಷ್ಮೆ ಸೀರೆ ಉಟ್ಟು, ಹೋಗುವ ಮುಂಚೆ ಡಿಕ್ಕಿ ತೆಗೆದು ನೋಡಿದೆ. ಕೆಂಪು ಬ್ಯಾಗು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಸಾಮಾನೆಲ್ಲ ವಾಪಸ್ಸು ಇಟ್ಟಿದ್ದಾರೆ ಎಂದುಕೊಂಡು ಡಿಕ್ಕಿ ಮುಚ್ಚಿದೆ.

ಎಡಗಡೆಯ ಸೀಟು ಖಾಲಿ! ನಾಗರಭಾವಿ ಸರ್ಕಲ್ ದಾಟುವವರೆಗೆ ನಾನು ಅದನ್ನು ನೋಡಲು ಧೈರ್ಯ ಮಾಡಲಿಲ್ಲ. ಆಮೇಲೆ ಒಮ್ಮೆ ನೋಡಿದೆ. ಕಿಟಕಿ ಇಳಿಸಿದೆ. ರಜೆಯ ದಿನ, ರಸ್ತೆ ಬಿಡುವಾಗಿತ್ತು. ಮುಂದೆ ಹೋಗುತ್ತಿದ್ದ ಬಸ್ಸಿನ ಕನ್ನಡಿಗೂ ಹಾರ. ಸಿಗ್ನಲ್ ಹಳದಿಯಾದಾಗ ಪಕ್ಕದಲ್ಲಿ ಯಾರ ಕಾಲೂ ಊರಿಕೊಳ್ಳಲಿಲ್ಲ. ನಾನೇ ಬ್ರೇಕ್ ಹಾಕಿದೆ, ನಾನೇ ನಿಂತೆ. ಜೋರಾಗಿ ಒಂದು ಹಾಡು ಹೇಳಿದೆ. ಅರ್ಧ ಸಾಲು ಮರೆತುಹೋಗಿತ್ತು. ಮರೆತದ್ದನ್ನು ತಿದ್ದಲು ಯಾರೂ ಇರಲಿಲ್ಲ, ಆದ್ದರಿಂದ ಬರುವ ಅರ್ಧವನ್ನೇ ಮತ್ತೆ ಮತ್ತೆ ಹೇಳಿದೆ.

ಮಲ್ಲತ್ತಹಳ್ಳಿ ಕೆರೆಯ ಪಕ್ಕದಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಿ ಇಳಿದೆ. ಮುಂದಿನ ಎಡ ಚಕ್ರ ಚಪಾತಿಯಾಗಿತ್ತು. ಬಾಳೆಕಂಬ ಕಟ್ಟಲು ಯಾರೋ ತಂದಿದ್ದ ಕಬ್ಬಿಣದ ತಂತಿಯ ತುಂಡು ಅದರಲ್ಲಿ ನೆಟ್ಟಿತ್ತು.

ನಿಜ ಹೇಳಬೇಕೆಂದರೆ ನನಗೆ ಭಯಕ್ಕಿಂತ ಸಂತೋಷವೇ ಹೆಚ್ಚಾಯಿತು. ಇದಕ್ಕಾಗಿಯೇ ಕಲಿತಿದ್ದೆನಲ್ಲ! ಸೆರಗು ಸಿಕ್ಕಿಸಿ, ಡಿಕ್ಕಿ ತೆಗೆದು, ಬ್ಯಾಗಿನ ಜಿಪ್ ಎಳೆದೆ.

ಒಳಗೆ ಒಂದು ಬೂದುಗುಂಬಳಕಾಯಿ ಇತ್ತು. ಅದರ ಸುತ್ತ ಮಿಕ್ಕಿದ್ದ ನಿಂಬೆಹಣ್ಣು, ಊದುಬತ್ತಿ, ಎರಡು ಮಾರು ಸೇವಂತಿಗೆ. ಸಂಜೆ ದೃಷ್ಟಿ ತೆಗೆದು ಒಡೆಯಲು ಯಜಮಾನರು ಜೋಡಿಸಿಟ್ಟದ್ದು. ಪೂಜೆಗೆ ಕೂರಿಸಿದ್ದನ್ನು ಮರುದಿನ ಬೆಳಿಗ್ಗೆ ಇನ್ನೊಂದು ಆರತಿ ಮಾಡಿ ಕದಲಿಸುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಕತ್ತರಿ ದೇವರ ಮುಂದಿದೆ ಎಂದು ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ತೆಗೆದವಳು ನಾನು. ಆದರೂ ಉಬ್ಬಿದ ಬ್ಯಾಗು ನೋಡಿ ಮೋಸಹೋದೆ. ನನ್ನ ಜಾಕ್ ಬಸವೇಶ್ವರನಗರದ ನಮ್ಮ ದೇವರ ಮನೆಯಲ್ಲಿ ವಿಭೂತಿ ಧರಿಸಿ ಕೂತಿತ್ತು.

ಇನ್ಶೂರೆನ್ಸ್ ಸಹಾಯವಾಣಿಯಲ್ಲಿ ಬರೀ ಸಂಗೀತ ಕೇಳಿಸಿತು. ಸ್ವಲ್ಪ ದೂರದಲ್ಲಿದ್ದ ಪಂಕ್ಚರ್ ಅಂಗಡಿಯ ಬಾಗಿಲು ಮುಚ್ಚಿ ಮುಂದೆ ಕುಂಬಳಕಾಯಿ ಒಡೆದಿತ್ತು. ನಾನು ಕೈ ಅಡ್ಡ ಹಿಡಿದೆ. ಒಂದು ಬಿಳಿ ಕಾರು ನಿಂತಿತು.

"ಜಾಕ್ ಇದೆಯಾ ಸಾರ್?"

"ಇದೆ ಮೇಡಂ, ಆದ್ರೆ..." ಆತ ತಲೆ ಕೆರೆದುಕೊಂಡ. "ಪೂಜೆಗೆ ಇಟ್ಬಿಟ್ಟಿದೀವಿ."

ಎರಡನೆಯ ಕಾರಿನ ಹುಡುಗಿ ಗಗನಾ ಎಂಬುವಳು ಉತ್ಸಾಹದಿಂದ ಇಳಿದು ತನ್ನ ಡಿಕ್ಕಿಯನ್ನೆಲ್ಲ ಹುಡುಕಿದಳು. ಯಾರಿಗೋ ಫೋನ್ ಮಾಡಿದಳು. "ಆಂಟಿ, ನಮ್ಮತ್ತೆ ಅದನ್ನ ತೆಗೆದು ದೇವ್ರ ಮುಂದೆ ಇಟ್ಟಿದಾರಂತೆ. ಅದು ಜಾಕ್ ಅಂತ ಅವ್ರಿಗೆ ಗೊತ್ತೇ ಇಲ್ವಂತೆ, ಕಬ್ಬಿಣ ಅಂತ ಇಟ್ರಂತೆ!" ಇಬ್ಬರೂ ರಸ್ತೆಯಲ್ಲಿ ನಿಂತು ನಕ್ಕೆವು. ಆಮೇಲೆ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. "ಜಾಕ್ ಇಲ್ಲ ಆಂಟಿ. ಮಗಾ, ನೀನ್ ಕಾರ್ ಎತ್ತಿ ಹಿಡ್ಕೋ, ಆಂಟಿ ಟೈರ್ ಹಾಕ್ತಾರೆ." ಇನ್ನೊಬ್ಬ, "ಹಬ್ಬದ ಊಟ ಮಾಡಿದೀನಿ ಗುರು, ನನ್ನೇ ಯಾರಾದ್ರೂ ಎತ್ತಬೇಕು," ಎಂದ. ಅವರೂ ಹೋದರು, ಗಗನಾಳೂ ಹೋದಳು.

ಆ ಸಂಜೆ ಇಡೀ ಪಶ್ಚಿಮ ಬೆಂಗಳೂರಿನ ಜಾಕುಗಳೆಲ್ಲ ದೇವರ ಸನ್ನಿಧಿಯಲ್ಲಿ ಇದ್ದಿರಬೇಕು.

ಫೋನ್ ಕೈಯಲ್ಲೇ ಇತ್ತು. ಯಜಮಾನರ ಹೆಸರು ಒತ್ತಿದರೆ ಎಲ್ಲ ಮುಗಿಯುತ್ತಿತ್ತು. ಅವರು ಬೈಯುವುದಿಲ್ಲ, 'ನೋಡಿದ್ಯಾ?' ಎನ್ನುತ್ತಾರೆ. ಮುಂದಿನ ತಿಂಗಳಿಂದ ನಾನು ಹಿಂದಿನ ಸೀಟಿನಲ್ಲಿ ರಾಣಿ. ಕೆರೆಯ ಕಡೆ ತಿರುಗಿ ನಿಂತು ಉಸಿರು ಬಿಟ್ಟೆ. ಆಮೇಲೆ ಅತ್ತೆಯ ಬಟನ್ ಫೋನಿಗೆ ಕರೆ ಮಾಡಿದೆ.

"ಅತ್ತೆ, ಅವರು ಎದ್ರಾ?"

"ಗೊರಕೆ ಹೊಡೀತಿದಾನೆ. ಯಾಕೇ, ಗೊಂಬೆ ಚೆನ್ನಾಗಿಲ್ವಾ?"

ಹೇಳಿದೆ. ಮನೆಯಲ್ಲಿ ಕದಲಿಸುವ ಶಾಸ್ತ್ರದ ವಿಷಯಕ್ಕೆ ಅತ್ತೆಗಿಂತ ಕಟ್ಟುನಿಟ್ಟಿನವರಿಲ್ಲ. ಹಲ್ಲಿನಲ್ಲಿ ಪ್ಯಾಕೆಟ್ ಕಚ್ಚುವುದನ್ನು ನನಗೆ ಕಲಿಸಿದವರೇ ಅವರು.

"ಎಲ್ಲಿದೀಯ ಸರಿಯಾಗಿ ಹೇಳು," ಎಂದರು.

ಬಹಳ ಹೊತ್ತಾಗಲಿಲ್ಲ. ಹಾರ ಹಾಕಿಕೊಂಡ ಒಂದು ಆಟೋ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ತೊಡೆಯ ಮೇಲೆ ಜಾಕ್, ಪಕ್ಕದಲ್ಲಿ ಸ್ಪ್ಯಾನರ್, ಪೈಪು, ಬಟ್ಟೆಯ ಚೀಲದಲ್ಲಿ ಉಳಿದದ್ದು. ಎಲ್ಲದರ ಮೇಲೂ ಹೂವು, ಕುಂಕುಮ. ಆಟೋದವನು ಕಾಲ ಬಳಿಯಿಂದ ರುಬ್ಬುವ ಗುಂಡನ್ನು ತೆಗೆದು ಕೆಳಗಿಟ್ಟು, "ಅಜ್ಜಿ, ದೇವರನ್ನೆಲ್ಲ ಇಳಿಸ್ಕೊಂಡ್ರಾ? ಇನ್ನೊಂದು ಉಳಿದಿಲ್ಲ ತಾನೇ?" ಎಂದ.

"ಅತ್ತೆ, ಪೂಜೆ ಆದದ್ದು... ಕದಲಿಸಬಾರದಿತ್ತಲ್ಲ?"

"ಒಂದು ಆರತಿ ಎತ್ತಿ, ಉತ್ತರಕ್ಕೆ ಸ್ವಲ್ಪ ಸರಿಸಿದೆ. ಕದಲಿಸಿದ ಹಾಗಾಯ್ತು. ಆಯುಧ ಅಂತ ಪೂಜೆ ಮಾಡಿ, ಬೇಕಾದಾಗ ಕೊಡದೆ ಇದ್ರೆ ಶಿವ ಮೆಚ್ತಾನೇನೇ? ಹಾಕು ಟೈರು."

ತ್ರಿಕೋನ ಇಟ್ಟೆ. ಹಿಂದಿನ ಚಕ್ರದ ಬೆನ್ನಿಗೆ ಗುಂಡು ಇಟ್ಟೆ. ಹಳೆಯ ಸೀರೆ ಹಾಸಿ ರೇಷ್ಮೆ ಸೀರೆಯಲ್ಲಿ ಕೂತೆ. ಪೈಪ್ ತೂರಿಸಿ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಆಮೇಲೆ ಜಾಕ್ ತಿರುಗಿಸಿದೆ. ಕಾರು ಮೆಲ್ಲಗೆ ಮೇಲೆದ್ದಿತು. ಕೆರೆಯ ಏರಿಯ ಮೇಲೆ ವಾಕಿಂಗ್ ಬಂದವರು ನಿಂತು ನೋಡಿದರು. ಅತ್ತೆ ಅವರಿಗೆಲ್ಲ, "ನಮ್ಮ ಸೊಸೆ," ಎಂದು ಹೇಳುತ್ತಿದ್ದರು, ಯಾರೂ ಕೇಳದಿದ್ದರೂ. ಸ್ಟೆಪ್ನಿ ಕೂರಿಸಿ, ಕಾರು ಇಳಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ಎದ್ದಾಗ ನನ್ನ ಅಂಗೈಯಲ್ಲಿ ಗ್ರೀಸ್ ಇತ್ತು, ವಿಭೂತಿಯೂ ಇತ್ತು.

ಪಂಕ್ಚರ್ ಆದ ಚಕ್ರವನ್ನು ಡಿಕ್ಕಿಗೆ ಹಾಕಿದೆ. ಕುಂಬಳಕಾಯಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಸಾಮಾನನ್ನು ಬ್ಯಾಗಿಗೆ ತುಂಬಿ ಅಲ್ಲೇ ಇಡಲು ಹೋದರೆ ಅತ್ತೆ ತಡೆದರು. "ಪೂಜೆ ಆದ ಸಾಮಾನು ಕಣೇ, ಆ ಕೊಳಕು ಟೈರ್ ಜೊತೆ ಇಡಬೇಡ. ಮುಂದಿನ ಸೀಟಲ್ಲಿಡು."

"ಮುಂದೆ ನೀವು ಕೂತ್ಕೊಳ್ಳಿ."

"ನಾನು ಹಿಂದೆ ಕೂತ್ಕೋತೀನಿ. ಮುಂದೆ ಯಾರಾದ್ರೂ ಕೂತ್ರೆ ನಿಂಗೆ ಕಷ್ಟ, ನಾನೇನು ನೋಡಿಲ್ವಾ?"

ನಾನು ಯಾರಿಗೂ ಹೇಳಿರಲಿಲ್ಲ. ಅವರ ಮುಖ ನೋಡಲಾಗದೆ ಬ್ಯಾಗನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿದೆ. ಗುಂಡಿನ ಭಾರಕ್ಕೆ ಯಾರೋ ಕೂತಿದ್ದಾರೆಂದು ತಿಳಿದು ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಬೆಲ್ಟ್ ಎಳೆದು ಹಾಕಿದೆ. ಸುಮ್ಮನಾಯಿತು. ಬಹಳ ಒಳ್ಳೆಯ ಪ್ರಯಾಣಿಕ. ಕಾಲೂರಲಿಲ್ಲ, ಹಿಡಿ ಹುಡುಕಲಿಲ್ಲ.

ಉಲ್ಲಾಳದ ರಸ್ತೆಗೆ ತಿರುಗುವಾಗ ಅತ್ತೆಯ ಫೋನ್ ಹೊಡೆದುಕೊಂಡಿತು. ಯಜಮಾನರ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅಮ್ಮ! ಎಲ್ಲಿದೀಯ? ದೇವ್ರ ಮನೇಲಿ ಜಾಕ್ ಇಲ್ಲ!"

"ಗೊಂಬೆ ನೋಡೋಕೆ ಹೊರಟಿದೀನಿ. ಅದೂ ಬಂದಿದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಪಂಕ್ಚರ್ ಆಯ್ತಾ? ಅವಳು ನಿಂಗೆ ಫೋನ್ ಮಾಡಿದ್ಲಾ? ಹಂಗಾದ್ರೆ ಅದೂ ಲೆಕ್ಕಕ್ಕೆ..."

"ಚನ್ನವೀರೇಶಾ," ಎಂದರು ಅತ್ತೆ. ಅವರು ಪೂರ್ತಿ ಹೆಸರು ಕರೆಯುವುದು ಅಪರೂಪ. "ಬ್ಯಾಗಲ್ಲಿದ್ದ ಜಾಕ್ ತೆಗೆದು ಕುಂಬಳಕಾಯಿ ಇಟ್ಟೋರು ಯಾರೋ?"

ಯಜಮಾನರು ಮಾತು ಬದಲಿಸಿದರು.

"...ಟೈರ್ ಯಾರು ಹಾಕಿದ್ದು?"

"ಯಾರ್ ಹಾಕ್ತಾರೆ? ಅವಳೇ."

"ನಟ್ಟು ಟೈಟ್ ಮಾಡಿದಾಳಂತಾ ಕೇಳು."

"ರೀ, ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡಬಾರ್ದು ಅಂತ ನೀವೇ ಹೇಳಿದೀರ," ಎಂದೆ ಜೋರಾಗಿ.

ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಫೋನ್ ಇಟ್ಟರು. "ಏಕಾಂತಯ್ಯನಿಗೆ ಡ್ರೈವರ್ ಬೇಡ ಅಂತ ಹೇಳ್ತಾನಂತೆ. ಆದ್ರೆ ಕುಂಬಳಕಾಯಿ ಜೋಪಾನವಾಗಿ ವಾಪಸ್ ತರಬೇಕಂತೆ, ದೃಷ್ಟಿ ತೆಗೀಬೇಕಂತೆ."

ಜಲಜಾಳ ಹಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳು ಕೂತಿದ್ದವು. ನನ್ನ ಕಪ್ಪು ಕೈ ನೋಡಿ ಅವಳು, "ಅಯ್ಯೋ, ಇದೇನೇ ಅವತಾರ!" ಎಂದು ಸೋಪು ತಂದಳು. ಅತ್ತೆ ಪಟ್ಟದ ಗೊಂಬೆಗಳ ಮುಂದೆ ಕೂತವರು ಏಳಲೇ ಇಲ್ಲ. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ರಾಜಾಜಿನಗರದಲ್ಲಿ ಪಕ್ಕದ ಬೀದಿಯವರೊಬ್ಬರು ಗೊಂಬೆ ಕೂರಿಸುತ್ತಿದ್ದರಂತೆ.

"ನಿಮ್ಮ ಮಾವನೂ ಕರ್ಕೊಂಡು ಹೋಗ್ತಿದ್ರು," ಎಂದರು. "ಹೊರಗಡೆ ಸೈಕಲ್ ಬೆಲ್ ಹೊಡೀತಾ ನಿಂತ್ಕೋತಿದ್ರು."

ಆರತಿಯಾಯಿತು. ಎಂಟು ಹತ್ತು ಹೆಂಗಸರು ಸೇರಿ ಹಾಡು ಹೇಳಿದರು. ನನಗೆ ಬರುವ ಅರ್ಧ ಸಾಲನ್ನು ನಾನೂ ಹೇಳಿದೆ. ಜಲಜಾ ಕಡಲೆಕಾಳು ಉಸಲಿ ಕೊಟ್ಟಳು, ಕಾಫಿ ಕೊಟ್ಟಳು, ತಾಂಬೂಲವನ್ನೂ ಕೊಟ್ಟಳು. ನಾನು ಅಭ್ಯಾಸಬಲದಿಂದ ಎದ್ದು ನಿಂತೆ.

ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. "ಇನ್ನೊಂಚೂರು ಇರೋಣ ಕಣೇ. ಹಾರನ್ ಹೊಡೆಯೋರು ಯಾರಿದಾರೆ?"

ಕಿಟಕಿಯಿಂದ ನೋಡಿದೆ. ಬೀದಿದೀಪದ ಕೆಳಗೆ ಬಾಳೆಕಂಬ ಕಟ್ಟಿದ ನಮ್ಮ ಕಾರು. ಎಡಗಡೆಯ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡ ಕೆಂಪು ಬ್ಯಾಗು ತುಟಿ ಪಿಟಕ್ಕೆನ್ನದೆ ಕಾಯುತ್ತಿತ್ತು. ನಾನು ಕೂತು ಇನ್ನೊಂದು ಲೋಟ ಕಾಫಿ ಕೇಳಿದೆ.